ಬೇಲಿಯ ಮೂಲಕ ಛಾಯಾಗ್ರಹಣ: ಮರೆಯಾಗುವ ತಂತಿ, ಉಳಿಯಬೇಕಾದ ಸಾಕ್ಷ್ಯ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನಡೆದ ನಿಸರ್ಗ ಛಾಯಾಗ್ರಹಣ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನಲ್ಲಿ ಕ್ಯಾಮೆರಾ ಹಿಡಿದು ಮನೆಯಿಂದ ಹೊರಟವರಿಗೆ ಕಾಡಿಗಿಂತ ಮೊದಲು ಎದುರಾಗುವುದು ಬೇಲಿ. ಅಂಗಳದ ಅಂಚಿಗೆ ದಾಸವಾಳದ ಬೇಲಿ. ತೋಟದ ಸುತ್ತ ಮುಳ್ಳುತಂತಿ. ಗದ್ದೆಯ ಬದಿಗೆ ಊರವರು ‘ಐಬೆಕ್ಸ್’ ಎಂದೇ ಕರೆಯುವ ಸೌರವಿದ್ಯುತ್ ಬೇಲಿ. ಬೆಟ್ಟದ ಬುಡದಲ್ಲಿ ಹಿಂದಿನವರು ತೋಡಿದ ಅಗಳ. ಉಣಗೋಲು ಸರಿಸಿ, ತಂತಿ ನುಸುಳಿ, ಅಗಳ ದಾಟಿ ಮುಂದೆ ಸಾಗಿದ ಮೇಲೆಯೇ ಕಾಡು. ಆದರೆ ಶಿಬಿರಗಳ ಕೊನೆಯ ದಿನ ಗೋಡೆಗೆ ತೂಗುಹಾಕುವ ಚಿತ್ರಗಳಲ್ಲಿ ಈ ಬೇಲಿಗಳ ಸುಳಿವೇ ಇರುವುದಿಲ್ಲ. ಕಾಟಿ ಹುಲ್ಲಿನಲ್ಲಿ ನಿಂತಿರುತ್ತದೆ, ನವಿಲು ಗದ್ದೆಯಲ್ಲಿ ಗರಿಗೆದರಿರುತ್ತದೆ. ಅವುಗಳಿಗೂ ಕ್ಯಾಮೆರಾಕ್ಕೂ ನಡುವೆ ಇದ್ದ ತಂತಿ ಮಾತ್ರ ಎಲ್ಲಿಯೋ ಮಾಯವಾಗಿರುತ್ತದೆ.

ಈ ಮಾಯವಾಗುವಿಕೆಯ ಬಗ್ಗೆ ಎರಡು ಪ್ರಶ್ನೆಗಳಿವೆ. ಅಡ್ಡವಿರುವ ಬೇಲಿ ಚಿತ್ರದಲ್ಲಿ ಕಾಣದಂತೆ ಮಾಡುವುದು ಹೇಗೆ ಎಂಬುದು ಮೊದಲನೆಯದು. ಅದಕ್ಕೆ ಬೆಳಕಿನ ವಿಜ್ಞಾನದಲ್ಲಿ ಸರಳವಾದ ಉತ್ತರವಿದೆ. ಹಾಗೆ ಕಾಣದಂತೆ ಮಾಡುವುದು ಯಾವಾಗ ಸರಿ, ಯಾವಾಗ ತಪ್ಪು ಎಂಬುದು ಎರಡನೆಯದು. ಅದರ ಉತ್ತರವನ್ನು ಹಳ್ಳಿಯ ಬದುಕಿನಲ್ಲಿಯೇ ಹುಡುಕಬೇಕಾಗುತ್ತದೆ. ಮೊದಲನೆಯದನ್ನು ಕಲಿಯದವರಿಗೆ ಎರಡನೆಯದನ್ನು ನಿರ್ಧರಿಸುವ ಸ್ವಾತಂತ್ರ್ಯವೇ ಇರುವುದಿಲ್ಲವಾದ್ದರಿಂದ ಅಲ್ಲಿಂದಲೇ ಆರಂಭಿಸುವುದು ಯೋಗ್ಯ.

ತಂತಿ ಮರೆಯಾಗುವ ಬಗೆ

ಕಣ್ಣೆದುರಿಗೆ ಒಂದು ಬೆರಳನ್ನು ಹತ್ತಿರ ಹಿಡಿದು ದೂರದ ಗುಡ್ಡವನ್ನು ನೋಡಿದರೆ ಬೆರಳು ಮಸುಕಾಗಿ ಕಾಣುತ್ತದೆ, ಗುಡ್ಡ ಸ್ಪಷ್ಟವಾಗಿರುತ್ತದೆ. ಕ್ಯಾಮೆರಾದ ಮಸೂರವೂ ಇದೇ ನಿಯಮಕ್ಕೆ ಒಳಪಟ್ಟಿದೆ. ದೂರದ ಪ್ರಾಣಿಯ ಮೇಲೆ ಅದನ್ನು ಕೇಂದ್ರೀಕರಿಸಿದಾಗ ಹತ್ತಿರದ ತಂತಿ ಮಸುಕಾಗುತ್ತದೆ. ತಂತಿ ಮಸೂರಕ್ಕೆ ಹತ್ತಿರವಾದಷ್ಟೂ, ಪ್ರಾಣಿ ತಂತಿಯಿಂದ ದೂರವಾದಷ್ಟೂ, ಮಸೂರದ ಬೆಳಕಿನ ದ್ವಾರ ಅಗಲವಾದಷ್ಟೂ ಈ ಮಸುಕು ಹೆಚ್ಚುತ್ತದೆ. ಕೊನೆಗೆ ತಂತಿಯ ಗೆರೆ ಚಿತ್ರದ ತುಂಬ ಹರಡಿಹೋಗಿ, ಕಣ್ಣಿಗೆ ಗೆರೆಯಾಗಿ ಕಾಣುವುದೇ ನಿಂತುಹೋಗುತ್ತದೆ.

ಇದನ್ನು ಲೆಕ್ಕದಿಂದ ತಿಳಿಯಬಹುದು. 200 ಮಿಲಿಮೀಟರ್ ಸಂಗಮದೂರದ ಮಸೂರವನ್ನು ಎಫ್ 4 ಅಳತೆಗೆ ತೆರೆದರೆ ಬೆಳಕಿನ ದ್ವಾರದ ವ್ಯಾಸ 50 ಮಿಲಿಮೀಟರ್. ಅದರ ಎದುರಿಗೆ ಎರಡೂವರೆ ಮಿಲಿಮೀಟರ್ ದಪ್ಪದ ಒಂದು ತಂತಿ ಅಡ್ಡ ಬಂದರೆ ಅದು ತಡೆಯುವ ಬೆಳಕು ನೂರಕ್ಕೆ ಆರೇಳು ಭಾಗ ಮಾತ್ರ. ಉಳಿದ ಬೆಳಕು ತಂತಿಯ ಎರಡೂ ಬದಿಯಿಂದ ಹಾದು ಒಳಸೇರಿ ಪ್ರಾಣಿಯ ಚಿತ್ರವನ್ನು ಪೂರ್ಣಗೊಳಿಸುತ್ತದೆ. ಅದೇ ಮಸೂರವನ್ನು ಎಫ್ 16ಕ್ಕೆ ಕಿರಿದುಗೊಳಿಸಿದರೆ ದ್ವಾರ ಹನ್ನೆರಡೂವರೆ ಮಿಲಿಮೀಟರಿಗೆ ಇಳಿಯುತ್ತದೆ. ಆಗ ಅದೇ ತಂತಿ ಕಾಲು ಭಾಗದಷ್ಟು ಬೆಳಕನ್ನು ನುಂಗಿ ಚಿತ್ರದ ಮೇಲೆ ಕಪ್ಪು ಪಟ್ಟಿಯಾಗಿ ಬೀಳುತ್ತದೆ. ತಂತಿ ಬದಲಾಗಿಲ್ಲ, ಅದು ನಿಂತ ಜಾಗವೂ ಬದಲಾಗಿಲ್ಲ. ನೋಡುವ ಕಣ್ಣು ಎಷ್ಟು ಅಗಲವಾಗಿ ತೆರೆದಿದೆ ಎಂಬುದಷ್ಟೇ ಬದಲಾಗಿದೆ.

ಆದ್ದರಿಂದ ಜಾಲರಿಯಾಚೆಗಿನ ಪ್ರಾಣಿಯನ್ನು ಚಿತ್ರಿಸುವವರು ಮಸೂರವನ್ನು ಸಾಧ್ಯವಿದ್ದಷ್ಟು ಅಗಲಕ್ಕೆ ತೆರೆಯಬೇಕು, ಉದ್ದ ಸಂಗಮದೂರವನ್ನು ಬಳಸಬೇಕು, ಪ್ರಾಣಿ ಬೇಲಿಯಿಂದ ಸಾಕಷ್ಟು ದೂರ ಸರಿಯುವವರೆಗೆ ಕಾಯಬೇಕು. ಬೇಲಿಗೆ ಮೈಯೊರಗಿಸಿ ನಿಂತ ಪ್ರಾಣಿಯನ್ನು ಯಾವ ಮಸೂರವೂ ಬೇಲಿಯಿಂದ ಬೇರ್ಪಡಿಸಲಾರದು. ಪ್ರಾಣಿಯ ಹಿಂದೆಯೂ ಇನ್ನೊಂದು ಜಾಲರಿ ಇದ್ದರೆ ಹಿನ್ನೆಲೆಯಲ್ಲಿ ಚೌಕಳಿಯ ಮಸುಕು ಮೂಡುತ್ತದೆ. ಪ್ರಾಣಿ ಎರಡೂ ಬೇಲಿಗಳ ನಡುವೆ ಬಂದಾಗ ಅದು ಕಡಿಮೆಯಾಗುತ್ತದೆ.

ಸೂರ್ಯನ ಬೆಳಕು ನೇರವಾಗಿ ಬಿದ್ದ ಹೊಸ ಸತುಲೇಪಿತ ತಂತಿ ಹೊಳೆದು, ಇಡೀ ಚಿತ್ರದ ಮೇಲೆ ಬಿಳಿಯ ಮಂಜಿನಂತಹ ಪೊರೆಯನ್ನು ಹರಡುತ್ತದೆ. ಮರದ ನೆರಳು ಬಿದ್ದ ಭಾಗವನ್ನು, ಅಥವಾ ಹಳೆಯದಾಗಿ ಕಪ್ಪಾದ ತಂತಿಯನ್ನು ಹುಡುಕಿಕೊಳ್ಳುವುದು ಒಳಿತು. ನೆರಳು ಸಿಗದಿದ್ದರೆ ಜೊತೆಗಾರರೊಬ್ಬರು ಛತ್ರಿ ಹಿಡಿದರೂ ಸಾಕು. ಮಿಂಚುದೀಪವನ್ನು ಬಳಸಲೇಬಾರದು; ಅದರ ಬೆಳಕು ಪ್ರಾಣಿಯನ್ನು ತಲುಪುವ ಮೊದಲೇ ತಂತಿಗೆ ತಾಗಿ ಹಿಂದಿರುಗುತ್ತದೆ. ಕ್ಯಾಮೆರಾ ತಾನಾಗಿ ಕೇಂದ್ರೀಕರಿಸುವ ವ್ಯವಸ್ಥೆ ಹತ್ತಿರದ ತಂತಿಗೇ ಅಂಟಿಕೊಳ್ಳುವುದು ಹೆಚ್ಚು. ಒಂದೇ ಬಿಂದುವನ್ನು ಆರಿಸಿ ಜಾಲರಿಯ ಕಣ್ಣಿನ ನಡುವೆ ಗುರಿಯಿಡಬೇಕು, ಇಲ್ಲವೇ ಕೈಯಿಂದಲೇ ಕೇಂದ್ರೀಕರಿಸಬೇಕು.

ಇಂದು ಬಹುಪಾಲು ವಿದ್ಯಾರ್ಥಿಗಳ ಕೈಯಲ್ಲಿರುವುದು ಮೊಬೈಲ್ ಕ್ಯಾಮೆರಾ. ಅದರ ಮಸೂರದ ದ್ವಾರ ಕೆಲವೇ ಮಿಲಿಮೀಟರ್ ಅಗಲವಿರುವುದರಿಂದ ಅದರೆದುರು ಬಂದ ತಂತಿ ಮಸುಕಾಗಿ ಕರಗದು. ಆದರೆ ಆ ಕಿರಿತನವೇ ಇನ್ನೊಂದು ಅನುಕೂಲವನ್ನು ಒದಗಿಸುತ್ತದೆ. ಜಾಲರಿಯ ಒಂದು ಕಣ್ಣಿಗೆ ಮೊಬೈಲಿನ ಮಸೂರವನ್ನು ಸರಿಯಾಗಿ ಹೊಂದಿಸಿಬಿಟ್ಟರೆ ತಂತಿ ಚಿತ್ರದೊಳಗೆ ಬರುವುದೇ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಹತ್ತಿರ ಹೋಗಬೇಕು ಎಂಬ ಮೇಲಿನ ಮಾತು ವಿದ್ಯುತ್ ಇಲ್ಲದ ಜಾಲರಿಗೆ ಮಾತ್ರ ಅನ್ವಯಿಸುತ್ತದೆ. ಸೌರಬೇಲಿಯ ಯಂತ್ರವು ಹಲವು ಸಾವಿರ ವೋಲ್ಟುಗಳ ಮಿಡಿತವನ್ನು ಸುಮಾರು ಒಂದು ಸೆಕೆಂಡಿಗೊಮ್ಮೆ, ಅತ್ಯಲ್ಪ ಅವಧಿಗೆ ಮಾತ್ರ ಹರಿಸುತ್ತದೆ. ನಿಯಮದಂತೆ ಹಾಕಿದ ಅಂತಹ ಬೇಲಿ ಹೊಡೆದರೆ ನೋವಾಗುತ್ತದೆ, ಜೀವ ಹೋಗದು. ಆದರೆ ಮನೆಯ ಅಥವಾ ಪಂಪ್‌ಸೆಟ್ಟಿನ ಕರೆಂಟನ್ನು ನೇರವಾಗಿ ತಂತಿಗೆ ಹರಿಸುವ ಕಾನೂನುಬಾಹಿರ ಪದ್ಧತಿಯೂ ಅಲ್ಲಲ್ಲಿ ಇದೆ. ಅದು ಮನುಷ್ಯ, ಹಸು, ಆನೆ ಎಂಬ ಭೇದವಿಲ್ಲದೆ ಕೊಲ್ಲುತ್ತದೆ. ಭಾರತದಲ್ಲಿ ಆನೆಗಳ ಅಸಹಜ ಸಾವಿನ ಪ್ರಮುಖ ಕಾರಣಗಳಲ್ಲಿ ವಿದ್ಯುತ್ ಆಘಾತವೂ ಒಂದು. ತಂತಿಯಲ್ಲಿ ಹರಿಯುತ್ತಿರುವುದು ಯಾವ ಕರೆಂಟು ಎಂಬುದು ಹೊರನೋಟಕ್ಕೆ ತಿಳಿಯದು. ಆದ್ದರಿಂದ ಗೊತ್ತಿಲ್ಲದ ಯಾವ ತಂತಿಬೇಲಿಗೂ ಕ್ಯಾಮೆರಾವನ್ನಾಗಲಿ ಕೈಯನ್ನಾಗಲಿ ತಾಗಿಸಬಾರದು. ಮೃಗಾಲಯಗಳಲ್ಲಿಯೂ ಜಾಲರಿಗೆ ಮುಂಚೆ ಇರುವ ಅಡ್ಡಗಂಬಿಯನ್ನು ದಾಟುವುದು ಅಪಾಯಕರ.

ಬೇಲಿಯನ್ನು ಬಚ್ಚಿಟ್ಟ ಮೃಗಾಲಯ

ಬೇಲಿಯನ್ನು ನೋಟದಿಂದ ಮರೆಮಾಡುವ ಆಸೆ ಛಾಯಾಗ್ರಾಹಕರಿಗೆ ಮಾತ್ರ ಸೀಮಿತವಲ್ಲ. ಜರ್ಮನಿಯ ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗೆನ್‌ಬೆಕ್ 1907ರಲ್ಲಿ ಹ್ಯಾಂಬರ್ಗ್ ಸಮೀಪದ ಸ್ಟೆಲಿಂಗೆನ್‌ನಲ್ಲಿ ತೆರೆದ ಮೃಗಾಲಯದಲ್ಲಿ ಸರಳುಗಳ ಬದಲಿಗೆ ಆಳವಾದ ಕಂದಕಗಳನ್ನು ಬಳಸಿದ. ಕಂದಕ ನೋಡುಗರ ಕಣ್ಣಿಗೆ ಬೀಳದಂತೆ ನೆಲದ ಏರುತಗ್ಗುಗಳನ್ನು ಹೊಂದಿಸಿದ್ದರಿಂದ, ಸಿಂಹವು ಬಯಲಿನಲ್ಲಿ ಸ್ವತಂತ್ರವಾಗಿ ನಿಂತಿರುವಂತೆ ತೋರುತ್ತಿತ್ತು. ಈ ಕ್ರಮ ಜಗತ್ತಿನ ಅನೇಕ ಮೃಗಾಲಯಗಳಿಗೆ ಹರಡಿತು. 1892ರಲ್ಲಿ ಸ್ಥಾಪನೆಯಾದ ಮೈಸೂರಿನ ಮೃಗಾಲಯದಲ್ಲಿಯೂ ಕಂದಕದಿಂದ ಸುತ್ತುವರಿದ ತೆರೆದ ಆವರಣಗಳಿವೆ. ಸರಳಿನ ಪಂಜರಕ್ಕಿಂತ ಇದು ಪ್ರಾಣಿಗೂ ಎಷ್ಟೋ ಮೇಲು. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಲ್ಲಿ ತೆಗೆದ ಚಿತ್ರವನ್ನು ನೋಡಿದವರಿಗೆ ಆ ಪ್ರಾಣಿ ಕಾಡಿನದೋ ಆವರಣದ್ದೋ ಎಂಬುದು ತಿಳಿಯದು.

ಶಿವಮೊಗ್ಗದ ಬಳಿಯ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮವನ್ನು ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಹಲವರು ಶಾಲಾ ಪ್ರವಾಸದಲ್ಲಿ ಕಂಡಿರಬಹುದು. ಅಲ್ಲಿ ಜಾಲರಿ ಹೊದಿಸಿದ ವಾಹನದೊಳಗೆ ಮನುಷ್ಯರು ಕುಳಿತಿರುತ್ತಾರೆ, ಹುಲಿ ಹೊರಗೆ ತಿರುಗಾಡುತ್ತಿರುತ್ತದೆ. ಮನುಷ್ಯನೇ ಪಂಜರದಲ್ಲಿದ್ದಾನೆಂದು ಮಕ್ಕಳು ನಗುವುದುಂಟು. ಆ ಹುಲಿಯ ಸುತ್ತಲೂ, ವಾಹನದಿಂದ ಕಾಣದಷ್ಟು ದೂರದಲ್ಲಿ, ಇನ್ನೊಂದು ದೊಡ್ಡ ಬೇಲಿ ಇದೆ. ವಾಹನದ ಜಾಲರಿಯ ಮೂಲಕ ತೆಗೆದ ಚಿತ್ರದಲ್ಲಿ ಹತ್ತಿರದ ಬೇಲಿ ಮಸುಕಿನಲ್ಲಿ ಕರಗಿರುತ್ತದೆ, ದೂರದ ಬೇಲಿ ಚೌಕಟ್ಟಿನ ಹೊರಗೆ ಉಳಿದಿರುತ್ತದೆ. ಕಾಣುವುದು ಹುಲಿಯೂ ಹುಲ್ಲೂ ಮಾತ್ರ.

ಇಂತಹ ಚಿತ್ರ ತೆಗೆಯುವುದು ತಪ್ಪಲ್ಲ. ಕಾಡಿನಲ್ಲಿ ದಿನಗಟ್ಟಲೆ ಅಲೆದರೂ ಕಾಣಸಿಗದ ಪ್ರಾಣಿಯ ಮೀಸೆ, ಕಣ್ಣು, ನಡಿಗೆಗಳನ್ನು ಅಭ್ಯಾಸ ಮಾಡಲು ಮೃಗಾಲಯ ಒಳ್ಳೆಯ ಪಾಠಶಾಲೆ. ಪ್ರಾಣಿಯ ಹಿಂದೆ ವಾಹನ ಓಡಿಸಿ ಕಾಡನ್ನು ಕಲಕುವುದಕ್ಕಿಂತ ಅಲ್ಲಿ ಕೈ ಪಳಗಿಸಿಕೊಳ್ಳುವುದೇ ಲೇಸು. ಚಿತ್ರದ ಅಡಿಯಲ್ಲಿ ಅದನ್ನು ತೆಗೆದ ಸ್ಥಳವನ್ನು ಬರೆಯದೆ ಬಿಟ್ಟಾಗ ಮಾತ್ರ ತಪ್ಪು ಆರಂಭವಾಗುತ್ತದೆ. ‘ಸೆರೆಯಲ್ಲಿರುವ ಪ್ರಾಣಿ’ ಎಂಬ ಎರಡು ಪದಗಳ ಟಿಪ್ಪಣಿಯೇ ಸಾಕು, ಚಿತ್ರ ಪ್ರಾಮಾಣಿಕವಾಗುತ್ತದೆ.

ಆ ಟಿಪ್ಪಣಿ ತಪ್ಪಿದಾಗ ಆಗುವುದೇನೆಂಬುದಕ್ಕೆ ಜಗತ್ಪ್ರಸಿದ್ಧ ನಿದರ್ಶನವೊಂದಿದೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯ 2009ರ ಪ್ರಧಾನ ಪ್ರಶಸ್ತಿ, ಸ್ಪೇನ್ ದೇಶದಲ್ಲಿ ತೆಗೆದ ಒಂದು ತೋಳದ ಚಿತ್ರಕ್ಕೆ ದೊರೆಯಿತು. ರಾತ್ರಿಯ ಹೊತ್ತು ಮರದ ಗೇಟೊಂದನ್ನು ತೋಳ ಹಾರಿ ದಾಟುತ್ತಿರುವ ದೃಶ್ಯವದು. ಆ ತೋಳ ಕಾಡಿನದಲ್ಲ, ಚಿತ್ರೀಕರಣಕ್ಕೆ ಬಾಡಿಗೆಗೆ ದೊರೆಯುವ ಪಳಗಿದ ಪ್ರಾಣಿಯಾಗಿರುವ ಸಂಭವವೇ ಹೆಚ್ಚು ಎಂಬ ತೀರ್ಮಾನಕ್ಕೆ ಬಂದ ತೀರ್ಪುಗಾರರು 2010ರ ಜನವರಿಯಲ್ಲಿ ಪ್ರಶಸ್ತಿಯನ್ನು ಹಿಂದೆಗೆದುಕೊಂಡರು. ಛಾಯಾಗ್ರಾಹಕರು ಆ ಆರೋಪವನ್ನು ಒಪ್ಪಲಿಲ್ಲ. ವಾದದ ಎರಡೂ ಬದಿಗಳನ್ನು ಪಕ್ಕಕ್ಕಿಟ್ಟರೂ ಒಂದು ವಿಷಯ ಉಳಿಯುತ್ತದೆ. ಹಟ್ಟಿಗೆ ನುಗ್ಗುವ ತೋಳ ಎಂದು ಜನ ನಂಬುವ ಚಿತ್ರವು ಆ ಪ್ರದೇಶದ ಕುರಿಗಾಹಿಯ ಬಗೆಗೂ ತೋಳದ ಬಗೆಗೂ ಒಂದು ಹೇಳಿಕೆಯಾಗಿಬಿಡುತ್ತದೆ. ಅದು ಸುಳ್ಳಾದರೆ ಇಬ್ಬರಿಗೂ ಅನ್ಯಾಯ.

ಈಗ ಮೊಬೈಲಿನ ತಂತ್ರಾಂಶಗಳು ಬೆರಳು ಸವರಿದರೆ ಸಾಕು, ತಂತಿಯನ್ನು ಅಳಿಸಿ ಅದರ ಜಾಗಕ್ಕೆ ಹುಲ್ಲನ್ನೋ ತುಪ್ಪಳವನ್ನೋ ತುಂಬಿಸಿಬಿಡುತ್ತವೆ. ಮಸೂರದಿಂದ ತಂತಿ ಮಸುಕಾಗುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಮಸೂರದ ಚಿತ್ರದಲ್ಲಿರುವ ಪ್ರತಿಯೊಂದು ಚುಕ್ಕೆಯೂ ಆ ಕ್ಷಣದಲ್ಲಿ ಪ್ರಾಣಿಯಿಂದ ಬಂದ ಬೆಳಕು. ತಂತ್ರಾಂಶ ತುಂಬಿದ ಭಾಗವು ಯಂತ್ರದ ಊಹೆ. ಅಲಂಕಾರಕ್ಕೆ ಅದು ಸಲ್ಲಬಹುದು, ದಾಖಲೆಗೆ ಸಲ್ಲದು.

ಬೇಲಿಯನ್ನು ತೋರಿಸಬಾರದೆಂಬ ಆಜ್ಞೆ

ಬೇಲಿ ಚಿತ್ರದಲ್ಲಿ ಇರಬೇಕೇ ಬೇಡವೇ ಎಂಬುದು ಕೇವಲ ಅಂದಚೆಂದದ ಪ್ರಶ್ನೆಯಲ್ಲ ಎಂಬುದನ್ನು ಅರಿಯಲು, ಪ್ರಾಣಿಗಳ ವಿಷಯವನ್ನು ಒಂದು ಗಳಿಗೆ ಬಿಟ್ಟು ಮನುಷ್ಯರನ್ನು ಬೇಲಿಯೊಳಗಿಟ್ಟ ಒಂದು ಪ್ರಸಂಗವನ್ನು ನೆನೆಯಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ, ಅಮೆರಿಕ ಸರ್ಕಾರವು ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆಮಠಗಳಿಂದ ಎಬ್ಬಿಸಿ ಶಿಬಿರಗಳಲ್ಲಿ ಕೂಡಿಹಾಕಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ ಆಗಿದ್ದರು. ಕ್ಯಾಲಿಫೋರ್ನಿಯದ ಮಂಜನಾರ್ ಅಂತಹ ಒಂದು ಶಿಬಿರ. ಪರ್ವತಗಳ ಚಿತ್ರಗಳಿಂದ ಹೆಸರಾದ ಆನ್ಸೆಲ್ ಆಡಮ್ಸ್ 1943ರಲ್ಲಿ ಅಲ್ಲಿಗೆ ಹೋದಾಗ, ಮುಳ್ಳುತಂತಿ, ಕಾವಲು ಗೋಪುರ ಮತ್ತು ಶಸ್ತ್ರಧಾರಿ ಕಾವಲುಗಾರರನ್ನು ಚಿತ್ರಿಸುವಂತಿರಲಿಲ್ಲ. ಅವರ ಚಿತ್ರಗಳಲ್ಲಿ ಹೊಲದಲ್ಲಿ ದುಡಿಯುವವರು, ಓದುವ ಮಕ್ಕಳು, ನಗುವ ಮುಖಗಳು ಇವೆ. ಅವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಆ ಜನ ಅಲ್ಲಿ ಏಕಿದ್ದರು ಎಂಬುದನ್ನು ಹೇಳಬಲ್ಲ ತಂತಿ ಚೌಕಟ್ಟಿನ ಹೊರಗೆ ಉಳಿಯಿತು.

ಅದೇ ಶಿಬಿರದೊಳಗೆ ಬಂಧಿಯಾಗಿದ್ದ ಛಾಯಾಗ್ರಾಹಕ ತೋಯೋ ಮಿಯಾಟಾಕೆ ಒಂದು ಮಸೂರವನ್ನು ಗುಟ್ಟಾಗಿ ಒಳಕ್ಕೆ ತಂದು, ಮರದ ಪೆಟ್ಟಿಗೆಯಿಂದ ಕ್ಯಾಮೆರಾ ಮಾಡಿಕೊಂಡರು. ಮುಂದೆ ಶಿಬಿರದ ಆಡಳಿತವೇ ಅವರಿಗೆ ಛಾಯಾಗ್ರಹಣಕ್ಕೆ ಅವಕಾಶ ನೀಡಿತು. ಮುಳ್ಳುತಂತಿಯ ಬಳಿ ನಿಂತ ಮೂವರು ಬಾಲಕರು ಮತ್ತು ಅವರ ಹಿಂದೆ ಕಾವಲು ಗೋಪುರ ಇರುವ ಅವರ ಚಿತ್ರ ಇಂದಿಗೂ ಆ ಕಾಲದ ಪ್ರಮುಖ ಸಾಕ್ಷ್ಯಗಳಲ್ಲೊಂದು. ಆ ಚಿತ್ರದಿಂದ ತಂತಿಯನ್ನು ತೆಗೆದುಬಿಟ್ಟರೆ ಉಳಿಯುವುದು ಬಯಲಿನಲ್ಲಿ ನಿಂತ ಮೂವರು ಹುಡುಗರು ಮಾತ್ರ. ಬೇಲಿಯ ಒಳಗಿದ್ದವರು ಬೇಲಿಯನ್ನು ಚಿತ್ರದಲ್ಲಿ ಉಳಿಸಿದರು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ನಾಗರಹೊಳೆಯ ಹಳಿ ಬೇಲಿ

ಈ ವಿಚಾರವನ್ನು ಕರ್ನಾಟಕಕ್ಕೆ ತಂದು ನೋಡಿದರೆ 2018ರ ಡಿಸೆಂಬರಿನ ಒಂದು ಛಾಯಾಚಿತ್ರ ಕಣ್ಣಮುಂದೆ ಬರುತ್ತದೆ. ಆನೆಗಳು ಕಾಡಿನಿಂದ ಹೊಲಗಳಿಗೆ ಇಳಿಯದಂತೆ ನಾಗರಹೊಳೆಯ ಅಂಚಿನಲ್ಲಿ ಬಳಸಿ ಬಿಟ್ಟ ರೈಲು ಹಳಿಗಳಿಂದ ತಡೆಗೋಡೆ ನಿರ್ಮಿಸಲಾಗಿತ್ತು. ಹೊಲಗಳಿಗೆ ಬಂದಿದ್ದ ಗಂಡಾನೆಯೊಂದು ಕಾಡಿಗೆ ಹಿಂದಿರುಗುವಾಗ ಆ ಹಳಿಗಳನ್ನು ಹತ್ತಿ ದಾಟಲು ಯತ್ನಿಸಿ, ದೇಹ ಹಳಿಯ ಮೇಲೆ ಸಿಕ್ಕಿಕೊಂಡು ಸತ್ತಿತು. ಹಳಿಯ ಮೇಲೆ ಜೋತುಬಿದ್ದ ಆ ಭಾರೀ ದೇಹದ ಚಿತ್ರ ಪತ್ರಿಕೆಗಳಲ್ಲಿಯೂ ಮೊಬೈಲುಗಳಲ್ಲಿಯೂ ನಾಡಿನಾದ್ಯಂತ ಹರಡಿತು.

ಆ ಚಿತ್ರದಲ್ಲಿ ಬೇಲಿಯನ್ನು ಮರೆಮಾಡುವ ಪ್ರಶ್ನೆಯೇ ಇರಲಿಲ್ಲ. ಬೇಲಿಯೇ ಅದರ ವಿಷಯವಾಗಿತ್ತು. ಹಳಿ ಬೇಲಿಯ ವಿನ್ಯಾಸ, ಎತ್ತರ, ಅದನ್ನು ಹಾಕಿದ ಜಾಗ ಇವುಗಳ ಬಗ್ಗೆ ತಜ್ಞರ ನಡುವೆ ಮೊದಲಿನಿಂದಲೂ ಇದ್ದ ಚರ್ಚೆ ಆಗ ಸಾಮಾನ್ಯ ಜನರ ಚರ್ಚೆಯಾಯಿತು. ಹಳಿ ಬೇಲಿಯ ನಿರ್ಮಾಣ ಆ ಬಳಿಕವೂ ಮುಂದುವರಿದಿದೆ. ಅದರಿಂದ ಬೆಳೆ ಉಳಿದ ಊರುಗಳಿವೆ. ಬೇಲಿ ಮುಗಿಯುವ ತುದಿಯಲ್ಲಿ ಆನೆಗಳ ದಾಳಿ ಹೆಚ್ಚಿತೆಂದು ದೂರುವ ಊರುಗಳೂ ಇವೆ. ಒಂದು ಚಿತ್ರ ಈ ಜಟಿಲ ಪ್ರಶ್ನೆಯನ್ನು ಬಗೆಹರಿಸಲಾರದು. ಆದರೆ ಬೇಲಿ ಒಂದು ನಿರ್ಜೀವ ಗಡಿಗೆರೆಯಲ್ಲ, ಅದರ ಮೇಲೆ ಜೀವಗಳ ಭಾರ ಬೀಳುತ್ತದೆ ಎಂಬುದನ್ನು ಅದು ಎಲ್ಲರಿಗೂ ತೋರಿಸಿತು.

ಅದೇ ಚಿತ್ರಕ್ಕೆ ಒಂದು ಕೊರತೆಯೂ ಇತ್ತು. ಆನೆ ಹಿಂದಿನ ರಾತ್ರಿ ತುಳಿದ ಹೊಲ ಅದರಲ್ಲಿರಲಿಲ್ಲ. 2023ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿದ್ದ ಆನೆಗಳು 6,395. ಅಂದಿನ ಲೆಕ್ಕದಲ್ಲಿ ಬೇರೆ ಯಾವ ರಾಜ್ಯದಲ್ಲಿಯೂ ಇಷ್ಟು ಆನೆಗಳಿರಲಿಲ್ಲ. ಸಕಲೇಶಪುರ, ಆಲೂರು, ಕೊಡಗು, ಚಿಕ್ಕಮಗಳೂರಿನ ಕಡೆಗಳಲ್ಲಿ ಕಾಫಿ ತೋಟದ ಕೂಲಿಕಾರರು ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೋಗಲು ಅಂಜುತ್ತಾರೆ. ಒಂದೇ ರಾತ್ರಿಯಲ್ಲಿ ಮಲಗಿದ ಬಾಳೆ, ಸೀಳಿದ ಅಡಿಕೆ ಮರ, ನೆಲಸಮವಾದ ಭತ್ತ ಇವು ಪತ್ರಿಕೆಯ ಮುಖಪುಟಕ್ಕೆ ಬರುವುದು ಅಪರೂಪ. ಬೇಲಿಗೆ ಎರಡು ಬದಿಗಳಿವೆ. ಒಂದು ಬದಿಯಿಂದ ಮಾತ್ರ ತೆಗೆದ ಚಿತ್ರ, ಅದೆಷ್ಟೇ ನಿಜವಾದರೂ, ಅರ್ಧ ಮಾತ್ರ.

ಮಲೆನಾಡಿನ ಬೇಲಿಗಳಲ್ಲಿ ಕಾಣಬೇಕಾದದ್ದು

ವಿದ್ಯಾರ್ಥಿಗಳು ತಮ್ಮ ಊರಿನಲ್ಲಿಯೇ ಮಾಡಬಹುದಾದ ಕೆಲಸ ಇಲ್ಲಿಂದ ಆರಂಭವಾಗುತ್ತದೆ. ಊರಿನ ಬೇಲಿಗಳನ್ನು ಒಂದೊಂದಾಗಿ ಚಿತ್ರಗಳಲ್ಲಿ ದಾಖಲಿಸಿದರೆ ಅದು ಆ ಊರಿನ ಕೃಷಿಯ, ಕಾಡಿನ ಹಾಗೂ ಭಯದ ನಕ್ಷೆಯಾಗುತ್ತದೆ.

ಮೊದಲಿಗೆ ಜೀವಂತ ಬೇಲಿ. ಲಕ್ಕಿ, ಹಾಲುವಾಣ, ದಾಸವಾಳ, ಕಳ್ಳಿ, ಕತ್ತಾಳೆ, ಮುಳ್ಳುಬಿದಿರುಗಳಿಂದಾದ ಬೇಲಿ ದನಕರುಗಳನ್ನು ತಡೆಯುವುದರೊಂದಿಗೆ ಸೊಪ್ಪು, ಸೌದೆ, ಔಷಧಿಗಳನ್ನೂ ಒದಗಿಸುತ್ತಿತ್ತು. ಮಧ್ಯ ಅಮೆರಿಕದಿಂದ ಬಂದು ಇಲ್ಲಿ ಗೊಬ್ಬರದ ಗಿಡವೆಂದೇ ಹೆಸರಾದ ಗ್ಲಿರಿಸಿಡಿಯಾದ ಸೊಪ್ಪು ಸಾರಜನಕದಿಂದ ಸಮೃದ್ಧವಾದದ್ದು. ಹಾಲುವಾಣದ ಕೆಂಪು ಹೂವಿಗೆ ಸೂರಕ್ಕಿ, ಮೈನಾಗಳು ಬರುತ್ತವೆ. ಪೊದೆಯ ಒಳಗೆ ಪಿಕಳಾರ ಗೂಡುಕಟ್ಟುತ್ತದೆ. ಬುಡದಲ್ಲಿ ಮುಂಗುಸಿ, ಓತಿಕ್ಯಾತಗಳು ಸುಳಿದಾಡುತ್ತವೆ. ಇಲ್ಲಿ ಬೇಲಿಯ ಮೂಲಕ ಆಚೆಗೆ ನೋಡುವ ಅಗತ್ಯವೇ ಇಲ್ಲ, ಚಿತ್ರದ ವಿಷಯವೆಲ್ಲ ಬೇಲಿಯೊಳಗೇ ಇದೆ. ಗೂಡಿನ ಚಿತ್ರಕ್ಕಾಗಿ ಕೊಂಬೆ ಕಡಿದು ಸಂದು ಮಾಡುವುದು ಮಾತ್ರ ಸಲ್ಲದು. ತೆರೆದುಕೊಂಡ ಗೂಡು ಬಿಸಿಲಿಗೂ ಕಾಗೆ, ಕೆಂಬೂತಗಳಿಗೂ ಸುಲಭದ ತುತ್ತು.

ಎರಡನೆಯದು ಮುಳ್ಳುತಂತಿ. ಅಮೆರಿಕದ ಇಲಿನಾಯ್ ಪ್ರಾಂತ್ಯದ ಕೃಷಿಕ ಜೋಸೆಫ್ ಗ್ಲಿಡನ್ 1874ರಲ್ಲಿ ಹಕ್ಕುಸ್ವಾಮ್ಯ ಪಡೆದ ಈ ವಸ್ತು ಅಲ್ಲಿನ ಬಯಲುಸೀಮೆಯಲ್ಲಿ ದನಗಳನ್ನು ತಡೆಯಲೆಂದು ರೂಪುಗೊಂಡಿತು. ರಾತ್ರಿ ಹಾರುವ ಬಾವಲಿ, ಗೂಬೆಗಳು ಅದಕ್ಕೆ ರೆಕ್ಕೆ ಸಿಕ್ಕಿಸಿಕೊಂಡು ಸಾಯುತ್ತವೆ. ತರಕಾರಿ ಮಡಿಗಳ ಸುತ್ತ ಕಟ್ಟುವ ನೈಲಾನ್ ಬಲೆಯಲ್ಲಿ ಹಾವುಗಳು ಸಿಕ್ಕಿಬೀಳುತ್ತವೆ. ಇವನ್ನು ಕಂಡಾಗ ಚಿತ್ರ ತೆಗೆಯುವುದು ಆಮೇಲಿನ ಮಾತು. ಜೀವವಿದ್ದರೆ ಮೊದಲು ತಿಳಿದವರಿಗೆ ಸುದ್ದಿ ಮುಟ್ಟಿಸಬೇಕು. ಸಿಕ್ಕಿಬಿದ್ದ ಹಾವನ್ನಾಗಲಿ ಬಾವಲಿಯನ್ನಾಗಲಿ ವಿದ್ಯಾರ್ಥಿಗಳು ಬರಿಗೈಯಿಂದ ಮುಟ್ಟಬಾರದು.

ಮೂರನೆಯದು ಉರುಳು. ಕಾಡುಹಂದಿಗೆಂದು ಬೇಲಿಯ ಗಂಡಿಯಲ್ಲಿ ಒಡ್ಡುವ ತಂತಿಯ ಕುಣಿಕೆಗೆ ಹಂದಿಯೇ ಬೀಳಬೇಕೆಂದಿಲ್ಲ. ಚಿರತೆ ಬೀಳಬಹುದು, ನೆರೆಮನೆಯ ನಾಯಿ ಬೀಳಬಹುದು. ಬೇಲಿಯ ಮೂಲಕ ಪ್ರಾಣಿಯನ್ನು ಹುಡುಕುತ್ತ ಬೇಲಿಯನ್ನೇ ನೋಡದವರ ಕಣ್ಣಿಗೆ ಇದು ಬೀಳುವುದಿಲ್ಲ. ಕಂಡವರು ದೂರದಿಂದ ಒಂದು ಚಿತ್ರ, ಹತ್ತಿರದ ಮರ ಅಥವಾ ಕಲ್ಲಿನ ಗುರುತು ಸೇರಿದಂತೆ ಇನ್ನೊಂದು ಚಿತ್ರ ತೆಗೆದು, ದಿನ ಮತ್ತು ಹೊತ್ತನ್ನು ಬರೆದಿಟ್ಟು, ಊರಿನ ಹಿರಿಯರ ಮೂಲಕ ಅರಣ್ಯ ಇಲಾಖೆಗೆ ತಿಳಿಸಬೇಕು. ನೆರೆಯವರ ಹೆಸರು ಹಚ್ಚಿ ಮೊಬೈಲಿನಲ್ಲಿ ಹಂಚುವುದರಿಂದ ಜಗಳ ಹುಟ್ಟುತ್ತದೆ, ಉರುಳು ಅಲ್ಲಿಯೇ ಉಳಿಯುತ್ತದೆ.

ನಾಲ್ಕನೆಯದು ಮುರಿದ ಬೇಲಿ. ಸೌರಬೇಲಿಯ ಕಂಬವನ್ನು ಆನೆಗಳು ಒಣಮರದ ದಿಮ್ಮಿಯಿಂದಲೋ ವಿದ್ಯುತ್ ಹರಿಯದ ದಂತದಿಂದಲೋ ಕೆಡಹುವುದನ್ನು ಕಲಿತಿವೆ. ತಂತಿಗೆ ಬಳ್ಳಿ ಹಬ್ಬಿ ಹಸಿಹುಲ್ಲು ತಾಗಿದರೆ ವಿದ್ಯುತ್ತು ನೆಲಕ್ಕೆ ಇಳಿದುಹೋಗಿ ಬೇಲಿ ನಿಷ್ಪ್ರಯೋಜಕವಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬೇಲಿ ಸೋಲಲು ಇದೊಂದು ದೊಡ್ಡ ಕಾರಣ. ಬೆಳೆಹಾನಿಯ ಪರಿಹಾರಕ್ಕೆ ಅರ್ಜಿ ಹಾಕುವ ರೈತರು ಬಿದ್ದ ಗಿಡದ ಚಿತ್ರದೊಂದಿಗೆ ಮುರಿದ ಬೇಲಿಯ ಚಿತ್ರವನ್ನೂ, ಹೆಜ್ಜೆಗುರುತಿನ ಪಕ್ಕ ಒಂದು ಅಳತೆಕೋಲನ್ನಿಟ್ಟ ಚಿತ್ರವನ್ನೂ ತೆಗೆದಿಟ್ಟರೆ ಪ್ರಾಣಿ ಬಂದ ದಾರಿ, ಬಂದ ಬಗೆ ಸ್ಪಷ್ಟವಾಗುತ್ತದೆ. ಕ್ಯಾಮೆರಾ ಬಲ್ಲ ವಿದ್ಯಾರ್ಥಿಗಳು ನೆರೆಮನೆಯ ಅಜ್ಜ ಅಜ್ಜಿಯರಿಗೆ ಈ ಸಹಾಯವನ್ನು ಮಾಡಿದರೆ ಶಿಬಿರ ಸಾರ್ಥಕವಾದಂತೆ.

ಈ ದಾಖಲೆಗೆ ಕೆಲವು ನಿಯಮಗಳು ಅಗತ್ಯ. ಬೇಲಿಯೊಳಗಿನ ಜಮೀನಿಗೆ ಕಾಲಿಡುವ ಮೊದಲು ಒಡೆಯರ ಒಪ್ಪಿಗೆ ಬೇಕು. ಸಂರಕ್ಷಿತ ಅರಣ್ಯದೊಳಗೆ ಹೋಗಲು ಇಲಾಖೆಯ ಅನುಮತಿ ಬೇಕು. ಬೇಲಿಯಾಚೆ ಇರುವವರು ಮನುಷ್ಯರಾದರೆ ಅವರನ್ನು ಕೇಳದೆ ಚಿತ್ರ ತೆಗೆಯಬಾರದು. ಒಕ್ಕಲು ಮನೆಯ ಹಿತ್ತಿಲಾಗಲಿ ಕೂಲಿಕಾರರ ಲೈನ್‌ಮನೆಯಾಗಲಿ ಮೃಗಾಲಯವಲ್ಲ. ಪ್ರತಿಯೊಂದು ಬೇಲಿಯ ಕನಿಷ್ಠ ಮೂರು ಚಿತ್ರಗಳಿರಲಿ: ತೋಟದ ಬದಿಯಿಂದ ಕಾಡಿನ ಕಡೆಗೆ ಒಂದು, ಸಾಧ್ಯವಾದಲ್ಲಿ ಕಾಡಿನ ಬದಿಯಿಂದ ತೋಟದ ಕಡೆಗೆ ಒಂದು, ಬೇಲಿಯ ಉದ್ದಕ್ಕೂ ಒಂದು. ಇವನ್ನು ಅದೇ ಜಾಗದಲ್ಲಿ ನಿಂತು ಮಳೆಗಾಲ, ಚಳಿಗಾಲ, ಬೇಸಿಗೆಗಳಲ್ಲಿ ಮತ್ತೆ ತೆಗೆಯಬೇಕು. ಎರಡು ಮೂರು ವರ್ಷಗಳ ಬಳಿಕ ಆ ಚಿತ್ರಗಳನ್ನು ಒಟ್ಟಿಗೆ ಹರಡಿದರೆ, ದಾಸವಾಳವಿದ್ದ ಜಾಗಕ್ಕೆ ತಂತಿ ಬಂದದ್ದು, ತಂತಿಗೆ ಕರೆಂಟು ಬಂದದ್ದು, ಪ್ರಾಣಿಯ ಕಾಲುದಾರಿ ಬೇರೆಡೆಗೆ ಸರಿದದ್ದು ಎಲ್ಲವೂ ಕಣ್ಣಿಗೆ ಕಾಣುತ್ತದೆ.

ಬೇಲಿ ಹಾಕಿದ ರೈತನನ್ನು ಕಾಡಿನ ಶತ್ರುವೆಂದು ಬಗೆಯುವುದು ನಗರದ ಪ್ರದರ್ಶನ ಮಂದಿರದಲ್ಲಿ ಸುಲಭ. ವರ್ಷವಿಡೀ ದುಡಿದ ಭತ್ತವನ್ನು ಕಾಯಲು ಅಟ್ಟಣೆಯ ಮೇಲೆ ನಿದ್ದೆಗೆಟ್ಟವರಿಗೆ ಬೇಲಿಯ ಬೆಲೆ ಗೊತ್ತು. ಮರಿಗಳೊಂದಿಗೆ ಬಂದು ತಂತಿಯೆದುರು ದಾರಿಗಾಣದೆ ನಿಂತ ಆನೆಗೂ ಅದರ ಬೆಲೆ ಗೊತ್ತು. ತಂತಿಯನ್ನು ಕರಗಿಸಿ ಆನೆಯನ್ನು ಮಾತ್ರ ತೋರಿಸುವ ಚಿತ್ರ ಈ ಇಬ್ಬರನ್ನೂ ಒಬ್ಬರಿಂದೊಬ್ಬರು ಮರೆಮಾಡುತ್ತದೆ.

ಆದ್ದರಿಂದ ಶಿಬಿರದ ಈ ದಿನದ ಅಭ್ಯಾಸವನ್ನು ಹೀಗೆ ಇಟ್ಟುಕೊಳ್ಳಬಹುದು. ಪ್ರತಿಯೊಬ್ಬರೂ ಒಂದು ಬೇಲಿಯನ್ನು ಆರಿಸಿಕೊಳ್ಳಲಿ. ಮಸೂರವನ್ನು ಅಗಲವಾಗಿ ತೆರೆದು, ಆಚೆಗಿನ ಹಕ್ಕಿಯನ್ನೋ ಹಸುವನ್ನೋ ಕೇಂದ್ರೀಕರಿಸಿ, ತಂತಿ ಕಾಣದ ಒಂದು ಚಿತ್ರ ತೆಗೆಯಲಿ. ಬಳಿಕ ಅದೇ ಜಾಗದಿಂದ ಎರಡು ಹೆಜ್ಜೆ ಹಿಂದೆ ಸರಿದು, ಮಸೂರವನ್ನು ಕಿರಿದುಗೊಳಿಸಿ, ತಂತಿಯೂ ಜೀವಿಯೂ ಸ್ಪಷ್ಟವಾಗಿರುವ ಇನ್ನೊಂದು ಚಿತ್ರ ತೆಗೆಯಲಿ. ಎರಡನ್ನೂ ಅಕ್ಕಪಕ್ಕದಲ್ಲಿ ಅಂಟಿಸಿ, ಬೇಲಿ ಯಾರದು, ಏತಕ್ಕಾಗಿ ಹಾಕಿದ್ದು, ಯಾವ ವರ್ಷ ಹಾಕಿದ್ದು ಎಂದು ಅಡಿಯಲ್ಲಿ ಬರೆಯಲಿ. ಆ ಮೂರು ಸಾಲು ಬರೆಯಬೇಕಾದರೆ ಉಣಗೋಲಿನ ಬಳಿ ನಿಂತು ಮನೆಯವರನ್ನು ಕೂಗಿ ಮಾತನಾಡಿಸಲೇಬೇಕಾಗುತ್ತದೆ. ಕಾಡಿನ ಚಿತ್ರ ತೆಗೆಯಲು ಹೊರಟವರು ಮೊದಲು ಮಾಡಬೇಕಾದ ಕೆಲಸವೂ ಅದೇ.